ಆಖೆನ್‌ನ ಎಂಟು ಮೂಲೆಯ ಚರ್ಚ್‌ನಲ್ಲಿ ರೋಮ್ ಎಷ್ಟಿದೆ?

ಪ್ರಶ್ನೆ: ನಾನು ವಿಜಯಪುರದವಳು. ಜರ್ಮನಿಯ ಆಖೆನ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಐಚ್ಛಿಕ ವಿಷಯವಾಗಿ ಕಟ್ಟಡಗಳ ಇತಿಹಾಸವನ್ನು ಆರಿಸಿಕೊಂಡಿದ್ದು, ಇಲ್ಲಿನ ಕೆಥೆಡ್ರಲ್‌ನ ಅತ್ಯಂತ ಹಳೆಯ ಭಾಗವಾದ, ಫ್ರಾಂಕರ ಅರಸ ಶಾರ್ಲಮೇನ್‌ನ ಅರಮನೆ ಚಾಪೆಲ್ (ಪ್ರಾರ್ಥನಾ ಮಂದಿರ) ಕುರಿತು ಪ್ರಬಂಧ ಬರೆಯಬೇಕಿದೆ. ‘ರೋಮನ್ ದೇವಾಲಯದಿಂದ ಚರ್ಚ್‌ನ ಆಕಾರ ಹುಟ್ಟಿತು; ರೋಮ್ ಬಿದ್ದ ಮೇಲೆ ಯುರೋಪು ಕಲ್ಲಿನ ಕಟ್ಟಡ ವಿದ್ಯೆಯನ್ನು ಮರೆತಿತು; 800ರಲ್ಲಿ ಚಕ್ರವರ್ತಿಯಾದ ಶಾರ್ಲಮೇನ್ ಇಟಲಿಯ ರವೆನ್ನಾದ ಸಾನ್ ವಿತಾಲೆ ಚರ್ಚನ್ನು ನಕಲು ಮಾಡಿಸಿ ಆ ವಿದ್ಯೆಯನ್ನು ಮರಳಿ ತಂದ’ ಎಂದು ಕರಡಿನ ಮೊದಲ ಪುಟದಲ್ಲಿ ಬರೆದಿದ್ದೆ. ಪ್ರಾಧ್ಯಾಪಕರು ಮೂರೂ ಮಾತಿನ ಕೆಳಗೆ ಗೆರೆ ಎಳೆದು, ‘ಮತ್ತೊಮ್ಮೆ ನೋಡಿ’ ಎಂದಷ್ಟೇ ಬರೆದು ಹಿಂದಿರುಗಿಸಿದ್ದಾರೆ. ನಾನು ಎಲ್ಲಿ ತಪ್ಪಿದ್ದೇನೆ? ಪ್ರಬಂಧವನ್ನು ಯಾವ ದಿಕ್ಕಿನಲ್ಲಿ ಬೆಳೆಸಿದರೆ ಒಳ್ಳೆಯದು? ನಮ್ಮೂರಿನ ಗೋಲಗುಮ್ಮಟದೊಂದಿಗೆ ಹೋಲಿಸಬಹುದೇ?

ಉತ್ತರ: ನೀವು ಬರೆದ ಮೂರೂ ಮಾತುಗಳು ಎಷ್ಟೋ ಪ್ರವಾಸಿ ಕೈಪಿಡಿಗಳಲ್ಲಿ ಇದೇ ರೂಪದಲ್ಲಿ ಸಿಗುತ್ತವೆ. ಹೀಗಿರುವಾಗ ಅವುಗಳ ಕೆಳಗೆ ಗೆರೆ ಬಿದ್ದದ್ದು ಏಕೆಂದು ನಿಮಗೆ ಗೊಂದಲವಾಗಿರುವುದು ಸಹಜ. ವಾಸ್ತುಶಿಲ್ಪದ ಇತಿಹಾಸವನ್ನು ಪಾಠ ಹೇಳುತ್ತ, ಕಲ್ಲು ಮತ್ತು ಸುಣ್ಣದ ಗಾರೆಯ ಹಳೆಯ ಕಟ್ಟಡಗಳ ದುರಸ್ತಿಗೆ ಸಲಹೆ ಕೊಡುತ್ತ ಬಂದಿರುವ ನನಗೆ ಇದೇ ಮೂರು ಮಾತುಗಳು ವಿದ್ಯಾರ್ಥಿಗಳ ಬರಹದಲ್ಲಿ ಮತ್ತೆ ಮತ್ತೆ ಎದುರಾಗಿವೆ. ಮೂರರ ಬೇರೂ ಒಂದೇ: ‘ರೋಮನ್ ಪ್ರಭಾವ’ ಎಂಬುದು ಇಡಿಯಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಂದಿತೆಂದು ಭಾವಿಸುವುದು. ಕಟ್ಟಡದ ಆಕಾರ, ಅದಕ್ಕೆ ಬಳಸಿದ ಸಾಮಗ್ರಿ, ಕಟ್ಟುವವರ ಕೈಚಳಕ, ಕಟ್ಟಿಸಿದವನ ಉದ್ದೇಶ, ಈ ನಾಲ್ಕೂ ಬೇರೆ ಬೇರೆ ದಾರಿಯಲ್ಲಿ, ಬೇರೆ ಬೇರೆ ಕಾಲದಲ್ಲಿ ಬಂದು ಆಖೆನ್‌ನಲ್ಲಿ ಕೂಡಿಕೊಂಡಿವೆ. ಇವನ್ನು ಬಿಡಿಸಿ ನೋಡಿದರೆ ನಿಮ್ಮ ಪ್ರಾಧ್ಯಾಪಕರ ಗೆರೆಗೆ ಕಾರಣ ತಾನಾಗಿಯೇ ತಿಳಿಯುತ್ತದೆ.

ಮೊದಲು ದೇವಾಲಯದ ಮಾತು. ರೋಮನ್ನರ ದೇವಾಲಯ ದೇವರ ಮೂರ್ತಿ ಇರುವ ಮನೆಯಾಗಿತ್ತು. ಬಲಿ ಕೊಡುವ ಪೀಠ ಹೊರಗೆ, ಮೆಟ್ಟಿಲುಗಳ ಮುಂದೆ ಇರುತ್ತಿತ್ತು; ಜನ ಸೇರುತ್ತಿದ್ದುದೂ ಬಯಲಿನಲ್ಲೇ. ಕ್ರೈಸ್ತರ ಆರಾಧನೆಗೆ ಬೇಕಾಗಿದ್ದು ಇದಕ್ಕೆ ತದ್ವಿರುದ್ಧ: ಸಭೆಯೆಲ್ಲ ಒಂದೇ ಸೂರಿನಡಿ ಕೂಡಬೇಕು, ವಾಚನ ಎಲ್ಲರಿಗೂ ಕೇಳಬೇಕು, ಬಲಿಪೀಠ ಎಲ್ಲರ ಕಣ್ಣಿಗೂ ಬೀಳಬೇಕು. 4ನೇ ಶತಮಾನದ ಆರಂಭದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಚರ್ಚ್‌ಗಳನ್ನು ಕಟ್ಟಿಸಲು ತೊಡಗಿದಾಗ ಈ ಅಗತ್ಯಕ್ಕೆ ಒದಗಿದ್ದು ಬೆಸಿಲಿಕಾ ಎಂಬ ಹಜಾರ. ನ್ಯಾಯ ವಿಚಾರಣೆಗೆ, ವ್ಯಾಪಾರದ ಮಾತುಕತೆಗೆ, ರಾಜಸಭೆಗೆ ರೋಮನ್ನರು ಬಳಸುತ್ತಿದ್ದ ಆ ಕಟ್ಟಡದಲ್ಲಿ ಸಾಮಾನ್ಯವಾಗಿ ನಡುವೆ ಎತ್ತರದ ಉದ್ದನೆಯ ಅಂಕಣ, ಎರಡೂ ಬದಿಯ ಕಂಬಸಾಲಿನ ಆಚೆ ತಗ್ಗಾದ ಓಣಿಗಳು, ನಡುವಿನ ಗೋಡೆಯ ಮೇಲ್ಭಾಗದಲ್ಲಿ ಬೆಳಕಿನ ಕಿಟಕಿಗಳು ಇರುತ್ತಿದ್ದವು; ತುದಿಯ ಅರ್ಧವೃತ್ತದ ಗೂಡಿನಲ್ಲಿ ಅಧಿಕಾರಿಯೋ ಚಕ್ರವರ್ತಿಯೋ ಕೂರುತ್ತಿದ್ದ. ಚರ್ಚ್ ಆದಾಗ ಅದೇ ಗೂಡಿನಲ್ಲಿ ಬಿಷಪ್‌ರ ಪೀಠ ಬಂತು, ಅದರ ಮುಂದೆ ಬಲಿಪೀಠ ಬಂತು. ರೋಮ್‌ನ ಲ್ಯಾಟೆರನ್ ಚರ್ಚ್, 16ನೇ ಶತಮಾನದಲ್ಲಿ ಕೆಡವಲು ಆರಂಭಿಸಿದ ಹಳೆಯ ಸಂತ ಪೀಟರ್ ಚರ್ಚ್, 422 ಮತ್ತು 432ರ ನಡುವೆ ಕಟ್ಟಿದ ಸಾಂತಾ ಸಬೀನಾ, ಎಲ್ಲವೂ ಈ ಅಚ್ಚಿನವು.

ಇದನ್ನು ನೀವು ಪುಸ್ತಕದಲ್ಲಿ ಓದುವ ಬದಲು ಟ್ರಿಯರ್‌ಗೆ ಹೋಗಿ ಕಣ್ಣಾರೆ ನೋಡಬಹುದು. ಅಲ್ಲಿ ಕಾನ್‌ಸ್ಟಂಟೈನ್‌ನ ಕಾಲದ ಸಿಂಹಾಸನದ ಹಜಾರ ಇಂದು ಪ್ರಾಟೆಸ್ಟಂಟ್ ಚರ್ಚ್ ಆಗಿ ಉಳಿದಿದೆ. ಸುಮಾರು 67 ಮೀಟರ್ ಉದ್ದ, 27 ಮೀಟರ್ ಅಗಲ, 33 ಮೀಟರ್ ಎತ್ತರದ ಇಟ್ಟಿಗೆಯ ಕಟ್ಟಡ. ಒಳಗೆ ಒಂದೇ ಒಂದು ಕಂಬವಿಲ್ಲ, ಮೇಲೆ ಮರದ ಚಾವಣಿ. ತುದಿಯ ಅರ್ಧವೃತ್ತದಲ್ಲಿರುವ ಕಿಟಕಿಗಳನ್ನು ಗಮನಿಸಿ: ಹಜಾರದ ಕಿಟಕಿಗಳಿಗಿಂತ ಅವು ಚಿಕ್ಕವು, ಸ್ವಲ್ಪ ತಗ್ಗಿನಲ್ಲೂ ಇವೆ. ದೂರದಿಂದ ಬರುವವನಿಗೆ ಗೂಡು ಇನ್ನೂ ಆಳವಾಗಿ, ದೊಡ್ಡದಾಗಿ ತೋರಲೆಂದು ಮಾಡಿದ ಉಪಾಯ ಅದು. ಸಿಂಹಾಸನದ ಕಡೆಗೆ ನೋಟವನ್ನು ಎಳೆಯುವ ಈ ಜಾಣ್ಮೆಯೇ ಮುಂದೆ ಬಲಿಪೀಠದ ಕಡೆಗೆ ನೋಟವನ್ನು ಎಳೆಯಿತು.

ದೇವಾಲಯಗಳು ಚರ್ಚ್‌ಗಳಾದದ್ದೂ ಉಂಟು. ರೋಮ್‌ನ ಪ್ಯಾಂಥಿಯನ್ 609ರಲ್ಲಿ ಚರ್ಚ್ ಆಯಿತು. ಆದರೆ ಅದು ಇದ್ದ ಕಟ್ಟಡದ ಮರುಬಳಕೆ. ಹೊಸದಾಗಿ ಕಟ್ಟುವವರು ದೇವಾಲಯದ ನಕ್ಷೆಯನ್ನು ಅನುಸರಿಸಲಿಲ್ಲ. ನಿಮ್ಮ ನೆರೆಯ ಕಲೋನ್‌ನಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಅಲ್ಲಿನ ಸಂತ ಮರಿಯಾ ಇಮ್ ಕಪಿಟೋಲ್ ಚರ್ಚ್ ರೋಮನ್ ದೇವಾಲಯವೊಂದರ ಅಡಿಪಾಯದ ಮೇಲೆಯೇ ನಿಂತಿದೆ. ಆದರೂ 1065ರಲ್ಲಿ ಪ್ರತಿಷ್ಠೆಯಾದ ಆ ಚರ್ಚ್‌ನ ಒಂದು ತುದಿಯಲ್ಲಿ ಮೂರು ದಿಕ್ಕಿಗೂ ಅರ್ಧವೃತ್ತಗಳು ಚಾಚಿಕೊಂಡಿದ್ದು, ಆ ನಕ್ಷೆ ಕೆಳಗಿನ ದೇವಾಲಯವನ್ನು ಹೋಲುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ತಿದ್ದುಪಡಿ ಬೇಕು: ನಿಮ್ಮ ಚಾಪೆಲ್ ಬೆಸಿಲಿಕಾ ಕೂಡ ಅಲ್ಲ. ಉದ್ದನೆಯ ಹಜಾರದ ಪಕ್ಕದಲ್ಲಿಯೇ ರೋಮನ್ನರ ಇನ್ನೊಂದು ಪರಂಪರೆ ಬೆಳೆದಿತ್ತು. ವೃತ್ತಾಕಾರದ ಅಥವಾ ಎಂಟು ಮೂಲೆಯ, ನಡುವೆ ಗುಮ್ಮಟವಿರುವ ಕಟ್ಟಡಗಳನ್ನು ಅವರು ರಾಜಮನೆತನದ ಸಮಾಧಿಗಳಿಗೆ ಬಳಸುತ್ತಿದ್ದರು. ಕ್ರೈಸ್ತರು ಆ ಆಕಾರವನ್ನು ದೀಕ್ಷಾಸ್ನಾನದ ಮನೆಗಳಿಗೂ ಹುತಾತ್ಮರ ಸ್ಮಾರಕಗಳಿಗೂ ತಂದುಕೊಂಡರು. ಕಾನ್‌ಸ್ಟಂಟೈನ್‌ನ ಮಗಳಿಗಾಗಿ 4ನೇ ಶತಮಾನದಲ್ಲಿ ಕಟ್ಟಿದ ಸಮಾಧಿ, ಈಗಿನ ಸಾಂತಾ ಕೊಸ್ತಾಂಜಾ, ಇದಕ್ಕೆ ಚೆಂದದ ಉದಾಹರಣೆ: ಜೋಡಿ ಜೋಡಿಯಾಗಿ ನಿಂತ ಕಂಬಗಳ ವೃತ್ತ, ಅದರ ಮೇಲೆ ಗುಮ್ಮಟ, ಸುತ್ತ ಕಮಾನು ಚಾವಣಿಯ ಓಣಿ. ಆಖೆನ್ ಈ ವಂಶಕ್ಕೆ ಸೇರಿದೆ. ಪ್ರಬಂಧದ ಮೊದಲ ಪುಟದಲ್ಲಿ ‘ಚರ್ಚ್‌ನ ಆಕಾರ’ ಎಂದು ಏಕವಚನದಲ್ಲಿ ಬರೆದ ಕೂಡಲೇ ಈ ಎರಡು ಪರಂಪರೆಗಳು ಕಲಸಿಹೋಗುತ್ತವೆ.

ಎರಡನೆಯದು ಮರೆವಿನ ಮಾತು. ಇಟಲಿಯಲ್ಲಿ ಅಂಥ ಮರೆವು ಬಂದದ್ದೇ ಇಲ್ಲ. ಪಶ್ಚಿಮದ ಕೊನೆಯ ಚಕ್ರವರ್ತಿ 476ರಲ್ಲಿ ಪದಚ್ಯುತನಾದ ಮೇಲೆಯೇ ರವೆನ್ನಾದಲ್ಲಿ ಸಾನ್ ವಿತಾಲೆ 547ರಲ್ಲಿ ಪ್ರತಿಷ್ಠೆಯಾಯಿತು, ಎರಡು ವರ್ಷದ ಬಳಿಕ ಹತ್ತಿರದ ಕ್ಲಾಸೆಯಲ್ಲಿ ಸಂತ ಅಪೊಲಿನಾರೆಯ ದೊಡ್ಡ ಬೆಸಿಲಿಕಾ ಪ್ರತಿಷ್ಠೆಯಾಯಿತು. ಉತ್ತರಕ್ಕೆ ಹೋದಂತೆ ಚಿತ್ರ ಬದಲಾಗುತ್ತದೆ, ಮುಖ್ಯವಾಗಿ ಬ್ರಿಟನ್‌ನಲ್ಲಿ. ಅಲ್ಲಿ ಸೈನ್ಯವೂ ತೆರಿಗೆ ವ್ಯವಸ್ಥೆಯೂ ಹೋದ ಮೇಲೆ ಇಟ್ಟಿಗೆ ಗೂಡುಗಳು ಆರಿದವು, ಕಲ್ಲಿನ ಗಣಿಗಳು ನಿಂತವು, ದೊಡ್ಡ ಕಟ್ಟಡ ಬೇಕೆನ್ನುವವರೇ ಇಲ್ಲವಾದರು. ಕೆಲಸವಿಲ್ಲದೆ ಕಸುಬು ಒಂದೆರಡು ತಲೆಮಾರಿಗಿಂತ ಹೆಚ್ಚು ಉಳಿಯುವುದಿಲ್ಲ. ನಮ್ಮಲ್ಲಿ ಸಿಮೆಂಟ್ ಬಂದ ಮೇಲೆ ಸುಣ್ಣ ಅರೆದು ಗಾರೆ ಹದ ಮಾಡಬಲ್ಲ ಮೇಸ್ತ್ರಿಗಳು ಎಷ್ಟು ಬೇಗ ವಿರಳವಾದರು ಎಂಬುದನ್ನು ದುರಸ್ತಿ ಕೆಲಸದಲ್ಲಿರುವ ನಾವು ಕಂಡೇ ಇದ್ದೇವೆ.

ಆ ಕಸುಬು ಬ್ರಿಟನ್‌ಗೆ ಹೇಗೆ ಮರಳಿತು ಎಂಬುದಕ್ಕೆ ಬರಹದ ದಾಖಲೆಯೇ ಇದೆ. 674ರಲ್ಲಿ ಬೆನೆಡಿಕ್ಟ್ ಬಿಸ್ಕೊಪ್ ಎಂಬ ಮಠಾಧಿಪತಿ ಇಂಗ್ಲೆಂಡಿನ ಉತ್ತರ ಭಾಗದ ಮಂಕ್‌ವೇರ್‌ಮೌತ್‌ನಲ್ಲಿ ಮಠ ಸ್ಥಾಪಿಸಿ, ಅಲ್ಲಿ ತಾನು ಮೆಚ್ಚಿದ ರೋಮನ್ನರ ರೀತಿಯಲ್ಲಿ ಕಲ್ಲಿನ ಚರ್ಚ್ ಕಟ್ಟಲು ಗಾಲ್ ದೇಶದಿಂದ (ಇಂದಿನ ಫ್ರಾನ್ಸ್) ಕಲ್ಲುಕುಟಿಗರನ್ನೂ, ಮುಂದೆ ಗಾಜಿನ ಕೆಲಸದವರನ್ನೂ ಕರೆತಂದನೆಂದು ಅದೇ ಮಠದಲ್ಲಿ ಬೆಳೆದ ಬೀಡ್ ಬರೆದಿದ್ದಾನೆ. ಇದೇ ಕಾಲದ ಎಸ್ಕೊಂಬ್ ಎಂಬ ಪುಟ್ಟ ಚರ್ಚ್ ಬಹುಪಾಲು ಬಿಂಚೆಸ್ಟರ್‌ನ ರೋಮನ್ ಕೋಟೆಯಿಂದ ಕಿತ್ತು ತಂದ ಕಲ್ಲುಗಳಿಂದಲೇ ಕಟ್ಟಲ್ಪಟ್ಟಿದೆ. ರೋಮನ್ ಸೈನ್ಯದ 6ನೇ ಪಡೆಯ ಹೆಸರು ಕೆತ್ತಿದ ಕಲ್ಲೊಂದು ಅದರ ಗೋಡೆಯಲ್ಲಿ ತಲೆಕೆಳಗಾಗಿ ಕೂತಿದೆ.

ಎಂಜಿನಿಯರ್ ಆದ ನಿಮಗೆ ಇವೆಲ್ಲಕ್ಕಿಂತ ನಾರ್ಥಾಂಪ್ಟನ್‌ಶೈರ್‌ನ ಬ್ರಿಕ್ಸ್‌ವರ್ತ್ ಚರ್ಚ್ ಹೆಚ್ಚು ಕಲಿಸೀತು. ಅಲ್ಲಿನ ಅಗಲವಾದ ಕಮಾನುಗಳನ್ನು ಹಳೆಯ ರೋಮನ್ ಇಟ್ಟಿಗೆಗಳಿಂದ, ಒಂದರ ಮೇಲೊಂದು ಎರಡು ಸುತ್ತಾಗಿ ಕಟ್ಟಿದ್ದಾರೆ. ಕಮಾನಿನ ಪ್ರತಿಯೊಂದು ಇಟ್ಟಿಗೆಯ ಸಂದು ವೃತ್ತದ ಕೇಂದ್ರದ ಕಡೆಗೆ ತಿರುಗಿರಬೇಕು ಎಂಬುದು ನಿಮಗೆ ಗೊತ್ತು. ಇಲ್ಲಿ ಕಮಾನು ಹುಟ್ಟುವ ಬುಡದಲ್ಲಿ ಇಟ್ಟಿಗೆಗಳು ಬೇಕಾದಷ್ಟು ವಾಲದೆ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿವೆ. ಮೇಲೇರಿದಂತೆ ದಿಕ್ಕು ತಪ್ಪುತ್ತ ಹೋಗಿ, ಉಳಿದ ಸಂದುಗಳನ್ನು ದಪ್ಪ ಗಾರೆಯಿಂದ ತುಂಬಿದ್ದಾರೆ. ಸಾಮಗ್ರಿ ಅಪ್ಪಟ ರೋಮನ್, ಆಕಾರವೂ ರೋಮನ್, ಆದರೆ ಕಟ್ಟಿದ ಕೈಗೆ ಆ ತರಬೇತಿ ಪೂರ್ತಿಯಾಗಿ ದಕ್ಕಿರಲಿಲ್ಲ. ಆ ಮೇಸ್ತ್ರಿಗಳನ್ನು ನಾನು ಮನಸಾರೆ ಗೌರವಿಸುತ್ತೇನೆ. ಕಮಾನುಗಳು ಇಂದಿಗೂ ನಿಂತಿವೆ. ‘ಮರೆತರು’ ಎಂಬ ಒಂದೇ ಮಾತಿನಲ್ಲಿ ಈ ಹಂತಗಳೆಲ್ಲ ಅಳಿಸಿಹೋಗುತ್ತವೆ ಎಂಬುದಷ್ಟೇ ನನ್ನ ಆಕ್ಷೇಪ.

ಜ್ವಾಲಾಮುಖಿಯ ಬೂದಿ ಬೆರೆಸಿದ ರೋಮನ್ ಕಾಂಕ್ರೀಟಿನ ‘ರಹಸ್ಯ’ ಕಳೆದುಹೋದ ಕಾರಣ ಗುಮ್ಮಟ ಕಟ್ಟುವುದೇ ನಿಂತುಹೋಯಿತು ಎಂಬ ವಿವರಣೆಯೂ ನಿಮ್ಮ ಕಣ್ಣಿಗೆ ಬೀಳಬಹುದು. ಅದನ್ನು ಎಚ್ಚರದಿಂದ ಬಳಸಿ. ಅಂಥ ಜ್ವಾಲಾಮುಖಿಯ ಕಲ್ಲು ನಿಮ್ಮ ಸಮೀಪದ ಐಫೆಲ್ ಬೆಟ್ಟಗಳಲ್ಲೇ ಇದೆ, ರೈನ್ ಸೀಮೆಯ ರೋಮನ್ನರು ಅದನ್ನು ಬಳಸಿದ್ದರು. ಬೂದಿ ಸಿಗದ ಕಡೆ ಇಟ್ಟಿಗೆಯ ಪುಡಿ ಬೆರೆಸುತ್ತಿದ್ದರು, ನಮ್ಮವರು ಸುರ್ಕಿ ಬೆರೆಸುವ ಹಾಗೆಯೇ. ಆಖೆನ್‌ನ ಗಾರೆಯಲ್ಲೂ ಇಟ್ಟಿಗೆ ಪುಡಿ ಇದೆ. ಕೊರತೆಯಾದದ್ದು ಹಣ, ಸಾಗಣೆ, ಸಾವಿರಾರು ಕೂಲಿಗಳನ್ನು ವರ್ಷಗಟ್ಟಲೆ ಒಂದೆಡೆ ದುಡಿಸಬಲ್ಲ ಆಡಳಿತ. ಕಮಾನು ಚಾವಣಿಗೆ ಮರದ ಸೆಂಟ್ರಿಂಗ್ ಬೇಕು, ಸುಣ್ಣದ ಗಾರೆ ನಿಧಾನವಾಗಿ ಬಿಗಿಯುವುದರಿಂದ ಆ ಮರ ಬಹುಕಾಲ ಸಿಕ್ಕಿಹಾಕಿಕೊಳ್ಳುತ್ತದೆ, ಮೇಲಾಗಿ ಚಾವಣಿಯ ಒತ್ತಡ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಮೇಲ್ಭಾಗದಲ್ಲಿ ಕಿಟಕಿ ಕೊರೆದ, ಕಂಬಸಾಲಿನ ಮೇಲೆ ನಿಂತ ಬೆಸಿಲಿಕಾದ ತೆಳು ಗೋಡೆ ಆ ತಳ್ಳುವಿಕೆಯನ್ನು ತಾಳದು. ಆದ್ದರಿಂದಲೇ ಕಾನ್‌ಸ್ಟಂಟೈನ್‌ನ ಕಾಲದಿಂದ ಶಾರ್ಲಮೇನ್‌ನ ಕಾಲದವರೆಗೂ ದೊಡ್ಡ ಬೆಸಿಲಿಕಾಗಳ ಮೇಲೆ ಮರದ ತೊಲೆಗಳ ಚಾವಣಿಯೇ ಇತ್ತು. ರೋಮ್‌ನಲ್ಲೂ ಹಾಗೆಯೇ ಇದ್ದ ಮೇಲೆ, ಮರದ ಚಾವಣಿಯನ್ನು ಅಜ್ಞಾನದ ಗುರುತೆಂದು ಓದಲಾಗದು. ರೈನ್ ದಂಡೆಯ ಸ್ಪೈಯರ್‌ನ ಕೆಥೆಡ್ರಲ್‌ನಲ್ಲಿ ನಡುಅಂಕಣಕ್ಕೆ ಕಲ್ಲಿನ ಚಾವಣಿ ಹೊದಿಸಿದ್ದು 1080ರ ನಂತರದ ಮರುನಿರ್ಮಾಣದಲ್ಲಿ. ಫ್ರಾನ್ಸಿನ ಕ್ಲೂನಿಯ ದೊಡ್ಡ ಚರ್ಚ್‌ನಲ್ಲಿ 1125ರಲ್ಲಿ ಚಾವಣಿಯ ಒಂದು ಭಾಗ ಕುಸಿದೇ ಬಿದ್ದಿತು.

ಈಗ ನಿಮ್ಮ ಕರಡಿನ ತಿರುಳಾದ ‘ನಕಲು’. ಸಾನ್ ವಿತಾಲೆಯ ನೆನಪಿಲ್ಲದೆ ಆಖೆನ್ ಹುಟ್ಟುತ್ತಿರಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಶಾರ್ಲಮೇನ್ ರವೆನ್ನಾಕ್ಕೆ ಹೋಗಿದ್ದ. ಅಲ್ಲಿನ ಅರಮನೆಯ ಅಮೃತಶಿಲೆಯನ್ನೂ ಮೊಸಾಯಿಕ್‌ಗಳನ್ನೂ (ಬಣ್ಣದ ಚೂರುಗಳನ್ನು ಜೋಡಿಸಿದ ಚಿತ್ರಗಳು) ಒಯ್ಯಲು ಪೋಪ್ ಹೇಡ್ರಿಯನ್ ಅನುಮತಿ ಕೊಟ್ಟ ಪತ್ರ ಉಳಿದಿದೆ. ಬೇರೆಲ್ಲೂ ಸಿಗದ ಕಾರಣ ಕಂಬಗಳನ್ನೂ ಅಮೃತಶಿಲೆಯನ್ನೂ ರೋಮ್ ಮತ್ತು ರವೆನ್ನಾದಿಂದ ತರಿಸಲಾಯಿತೆಂದು ಅವನ ಚರಿತ್ರೆ ಬರೆದ ಐನ್‌ಹಾರ್ಡ್ ಹೇಳುತ್ತಾನೆ. ನಡುವೆ ಎಂಟು ಮೂಲೆ, ಸುತ್ತ ಎರಡು ಅಂತಸ್ತಿನ ಓಣಿ, ಮೇಲೆ ಎತ್ತರದ ಚಾವಣಿ, ಎರಡರಲ್ಲೂ ಇವೆ. ಆದರೆ ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸಾನ್ ವಿತಾಲೆಯಲ್ಲಿ ಎಂಟು ಆಧಾರಗಳ ನಡುವೆ, ಬಲಿಪೀಠದ ಕಡೆ ಬಿಟ್ಟು, ಕಂಬಸಾಲುಗಳು ಅರ್ಧಚಂದ್ರದಂತೆ ಓಣಿಯೊಳಕ್ಕೆ ಉಬ್ಬಿಕೊಂಡಿವೆ. ಅಲ್ಲಿ ನಡು ಎಲ್ಲಿ ಮುಗಿಯಿತು, ಓಣಿ ಎಲ್ಲಿ ತೊಡಗಿತು ಎಂದು ಹೇಳುವುದು ಕಷ್ಟ. ಆಖೆನ್‌ನಲ್ಲಿ ಆ ಉಬ್ಬುಗಳಿಲ್ಲ. ಭಾರವಾದ ಆಧಾರಗಳ ನಡುವೆ ನೇರವಾದ ಕಮಾನುಗಳು, ಹೊರಸುತ್ತಿಗೆ ಎಂಟರ ಬದಲು 16 ಮುಖಗಳು. ರವೆನ್ನಾದ ಗುಮ್ಮಟವನ್ನು ಒಂದರೊಳಗೊಂದು ತೂರಿಸಿದ ಹಗುರವಾದ ಮಣ್ಣಿನ ಕೊಳವೆಗಳಿಂದ ಕಟ್ಟಿದ್ದಾರೆ. ಆಖೆನ್‌ನಲ್ಲಿರುವುದು ಎಂಟು ಮುಖಗಳಾಗಿ ಮೇಲೇರುವ, ಸುಮಾರು 14 ಮೀಟರ್ ಅಗಲದ ಕಲ್ಲಿನ ಚಾವಣಿ.

ಈ ಕೊನೆಯ ವ್ಯತ್ಯಾಸವೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕಲ್ಲಿನ ಚಾವಣಿಯ ಭಾರ ಹೆಚ್ಚಾದ್ದರಿಂದ ಹೊರಕ್ಕೆ ತಳ್ಳುವ ಒತ್ತಡವೂ ಹೆಚ್ಚು. ಅದನ್ನು ತಡೆಯುವ ಉಪಾಯ ರವೆನ್ನಾದ ನಕ್ಷೆಯಲ್ಲಿ ಸಿದ್ಧವಾಗಿ ಸಿಗುವಂತಿರಲಿಲ್ಲ. ಆಖೆನ್‌ನ ಮೇಸ್ತ್ರಿಗಳು ಮೇಲಂತಸ್ತಿನ ಓಣಿಯ ಚಾವಣಿಯನ್ನು ಮಟ್ಟಸವಾಗಿ ಕಟ್ಟದೆ, ನಡುವಿನ ಎಂಟು ಮೂಲೆಯ ಕಡೆಗೆ ಏರುವಂತೆ ಓರೆಯಾದ ಕಮಾನು ಚಾವಣಿಗಳನ್ನಾಗಿ ಕಟ್ಟಿದರು. ಅವು ನಡುವಿನ ಗೋಡೆಗೆ ಎಲ್ಲ ಕಡೆಯಿಂದ ಒತ್ತುಕೊಟ್ಟು ನಿಂತಿವೆ. ಜೊತೆಗೆ ಗೋಡೆಯೊಳಗೆ ಮರ ಮತ್ತು ಕಬ್ಬಿಣದ ಕಟ್ಟುಗಳನ್ನು ಹುದುಗಿಸಿದರು. ಇದು ಯಾರನ್ನೋ ನೋಡಿ ಬರೆದುಕೊಂಡ ಕೆಲಸವಲ್ಲ, ಲೆಕ್ಕ ಹಾಕಿ ಯೋಚಿಸಿದ ಕೆಲಸ.

ಮುಂದಿನ ಸಲ ಒಳಗೆ ನಿಂತಾಗ ಮೇಲಂತಸ್ತಿನ ಎತ್ತರದ ಕಮಾನುಗಳೊಳಗಿನ ಕಂಬಗಳನ್ನು ನೋಡಿ. ಎರಡು ಸಾಲಾಗಿ ಒಂದರ ಮೇಲೊಂದು ನಿಂತಿವೆ. ಮೇಲಿನ ಸಾಲಿನ ಕಂಬಗಳು ನೇರವಾಗಿ ಹೋಗಿ ಕಮಾನಿನ ಒಳಮೈಗೆ ತಾಗಿ ನಿಲ್ಲುತ್ತವೆ. ಕಮಾನು ತನ್ನ ಭಾರವನ್ನು ತಾನೇ ಪಕ್ಕದ ಆಧಾರಗಳಿಗೆ ದಾಟಿಸುತ್ತಿರುವಾಗ ಅವುಗಳ ಮೇಲೆ ಹೊರೆಯೇ ಇಲ್ಲ. ಇದಕ್ಕೆ ಇತಿಹಾಸವೇ ಪರೀಕ್ಷೆ ನಡೆಸಿದೆ: 1794ರಲ್ಲಿ ಊರನ್ನು ಹಿಡಿದ ಫ್ರೆಂಚರು ಕಂಬಗಳನ್ನು ಕಿತ್ತು ಪ್ಯಾರಿಸ್‌ಗೆ ಸಾಗಿಸಿದರು, ಹಲವು ಕಂಬಗಳು 1815ರ ನಂತರ ಮರಳಿದವು, ಕೆಲವು ಇಂದಿಗೂ ಲೂವ್ರ್‌ನಲ್ಲಿವೆ. ಕಂಬಗಳಿಲ್ಲದ ಅಷ್ಟೂ ವರ್ಷ ಚಾವಣಿ ನಿಂತೇ ಇತ್ತು. ಹಾಗಾದರೆ ಆಲ್ಪ್ಸ್ ದಾಟಿಸಿ ಅವನ್ನು ತಂದದ್ದೇಕೆ? ಅವು ರೋಮ್‌ನಿಂದ ಬಂದವು ಎಂಬುದಕ್ಕಾಗಿಯೇ. ಕಟ್ಟಡಕ್ಕೆ ಬೇಡವಾದ ಕಂಬ ಅರಸನಿಗೆ ಬೇಕಾಗಿತ್ತು. ಆ ಕಾಲದಲ್ಲಿ ಒಂದು ಪವಿತ್ರ ಕಟ್ಟಡವನ್ನು ಇನ್ನೊಂದರಂತೆ ಕಟ್ಟುವುದೆಂದರೆ ಅಳತೆಗೆ ಅಳತೆ ಹೊಂದಿಸುವುದಾಗಿರಲಿಲ್ಲ; ಮೂಲದ ಒಂದೆರಡು ಲಕ್ಷಣ, ಒಂದು ಸಂಖ್ಯೆ, ಒಂದು ವಸ್ತು ಬಂದರೆ ಸಾಕಿತ್ತು ಎಂಬುದನ್ನು ಇತಿಹಾಸಕಾರ ರಿಚರ್ಡ್ ಕ್ರೌಟ್‌ಹೈಮರ್ 1942ರಲ್ಲಿಯೇ ವಿವರವಾಗಿ ತೋರಿಸಿಕೊಟ್ಟಿದ್ದಾರೆ.

ಇನ್ನು ಇಸವಿ. ಶಾರ್ಲಮೇನ್‌ಗೆ ರೋಮ್‌ನಲ್ಲಿ ಕಿರೀಟಧಾರಣೆಯಾದದ್ದು 800ರ ಡಿಸೆಂಬರ್ 25ರಂದು. ಆಖೆನ್‌ನ ಕೆಲಸ ಅದಕ್ಕೂ ಮೊದಲೇ, 790ರ ದಶಕದಲ್ಲಿ ನಡೆದಿತ್ತು. 798ರ ಪತ್ರವೊಂದರಲ್ಲಿ ಆಸ್ಥಾನದ ವಿದ್ವಾಂಸ ಆಲ್ಕ್ವಿನ್ ಕಂಬಗಳ ಪ್ರಸ್ತಾಪ ಮಾಡಿದ್ದಾನೆ. ಅಂದರೆ ‘ಚಕ್ರವರ್ತಿಯಾದ್ದರಿಂದ ರೋಮನ್ ರೀತಿಯಲ್ಲಿ ಕಟ್ಟಿಸಿದ’ ಎಂಬ ವಾದದಲ್ಲಿ ಕಾರಣ ಮತ್ತು ಫಲ ಅದಲುಬದಲಾಗಿವೆ. ಇದೇ ಹೊತ್ತಿನಲ್ಲಿ ಫುಲ್ಡಾದ ಮಠದಲ್ಲಿ ಸಂತ ಪೀಟರ್ ಚರ್ಚ್‌ನ ಹಾಗೆ ಪಶ್ಚಿಮ ತುದಿಗೆ ದೊಡ್ಡ ಅಡ್ಡ ಹಜಾರವಿರುವ ಬೆಸಿಲಿಕಾ ಏಳುತ್ತಿತ್ತು. ಅದನ್ನು ಅಂದಿನವರೇ ‘ರೋಮನ್ ರೀತಿ’ ಎಂದು ಕರೆದಿದ್ದಾರೆ. ಇವರು ಅರಸುತ್ತಿದ್ದುದು ಮೊದಲ ಚಕ್ರವರ್ತಿ ಅಗಸ್ಟಸ್‌ನ ರೋಮ್ ಅನ್ನಲ್ಲ, ಕಾನ್‌ಸ್ಟಂಟೈನ್‌ನ ಮತ್ತು ಪೋಪರ ಕ್ರೈಸ್ತ ರೋಮ್ ಅನ್ನು. ಈ ಒಂದು ಭೇದವನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ಹೇಳಿದರೆ ಅರ್ಧ ಗೆಲುವು ನಿಮ್ಮದು.

ಗೋಲಗುಮ್ಮಟದ ವಿಷಯದಲ್ಲಿ ನನ್ನ ಸಲಹೆ, ಅದನ್ನು ಈ ಪ್ರಬಂಧಕ್ಕೆ ತರಬೇಡಿ. ಚೌಕದ ಗೋಡೆಗಳ ಮೇಲೆ ಪರಸ್ಪರ ಹಾಯುವ ಎಂಟು ಕಮಾನುಗಳಿಂದ ಗುಮ್ಮಟವನ್ನು ಹೊತ್ತ ಆ ರಚನೆ ಅದ್ಭುತವಾದದ್ದೇ, ಅದನ್ನು ನೋಡುತ್ತ ಬೆಳೆದ ಕಣ್ಣು ನಿಮಗೆ ಇಲ್ಲಿ ಸಹಾಯಕ್ಕೂ ಬರುತ್ತದೆ. ಆದರೆ 17ನೇ ಶತಮಾನದ ಆದಿಲ್‌ಶಾಹಿ ಸಮಾಧಿಗೂ 8ನೇ ಶತಮಾನದ ಫ್ರಾಂಕರ ಚಾಪೆಲ್‌ಗೂ ನೇರವಾದ ಐತಿಹಾಸಿಕ ನಂಟಿಲ್ಲ. ಪ್ರಭಾವದ ಬಗ್ಗೆ ಬರೆಯುವ ಪ್ರಬಂಧದಲ್ಲಿ ನಂಟಿಲ್ಲದ ಹೋಲಿಕೆ ಬಂದರೆ ಓದುವವರು ಇಡೀ ವಾದವನ್ನೇ ಶಂಕಿಸುತ್ತಾರೆ.

ಪ್ರಬಂಧದ ದಿಕ್ಕಿಗೆ ಮೂರು ಆಯ್ಕೆಗಳು ಕಾಣುತ್ತವೆ. ಆಖೆನ್ ಮತ್ತು ರವೆನ್ನಾ ನಕ್ಷೆಗಳ ಹೋಲಿಕೆ ಎಲ್ಲಕ್ಕಿಂತ ಸುಲಭ. ಆದರೆ ಆ ನೆಲವನ್ನು ಎಷ್ಟೋ ಜನ ಉತ್ತಿದ್ದಾರೆ, ಹೊಸದಾಗಿ ಹೇಳಲು ಉಳಿದಿರುವುದು ಕಡಿಮೆ. ಮೇಲಾಗಿ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಕಟ್ಟಡಗಳನ್ನು ಸೇರಿಸದೆ ಆ ಹೋಲಿಕೆ ಪೂರ್ಣವಾಗದು, ಏಕೆಂದರೆ ಸಾನ್ ವಿತಾಲೆಯೇ ಅವುಗಳಿಗೆ ಋಣಿ. ಮರುಬಳಕೆಯಾದ ಕಲ್ಲು, ಕಂಬಗಳನ್ನು ಹಿಡಿದು ಬರೆಯುವುದು ಇನ್ನೊಂದು ದಾರಿ. ಅದು ನನಗೆ ಪ್ರಿಯವಾದ ವಿಷಯ. ಆದರೆ ಕಂಬಗಳು ಒಮ್ಮೆ ಹೋಗಿ ಬಂದಿರುವುದರಿಂದ ಈಗ ಕಾಣುವ ಕಂಬಗಳಲ್ಲಿ ಯಾವುದು ಮೂಲದ್ದು, ಯಾವುದು 19ನೇ ಶತಮಾನದಲ್ಲಿ ಸೇರಿಸಿದ್ದು ಎಂಬುದನ್ನು ಒಂದೊಂದಾಗಿ ಬೇರ್ಪಡಿಸಬೇಕಾಗುತ್ತದೆ, ಅದಕ್ಕೆ ಕಲ್ಲಿನ ಪರೀಕ್ಷೆಯ ವರದಿಗಳನ್ನು ಜರ್ಮನ್ ಭಾಷೆಯಲ್ಲಿ ಓದಬೇಕು. ಒಂದು ಸೆಮಿಸ್ಟರ್‌ಗೆ ಅದು ಭಾರ. ಮೂರನೆಯ ದಾರಿ, ಚಾವಣಿಯ ಒತ್ತಡ ಹೇಗೆ ನೆಲ ಸೇರುತ್ತದೆ ಎಂಬುದೊಂದನ್ನೇ ಹಿಡಿದು, ರೋಮನ್ ಆಕಾರಕ್ಕೆ ಸ್ಥಳೀಯ ಮೇಸ್ತ್ರಿಗಳು ಕೊಟ್ಟ ಉತ್ತರವನ್ನು ವಿವರಿಸುವುದು. ನಿಮ್ಮ ಓದಿನ ಹಿನ್ನೆಲೆಗೆ ಇದೇ ಹೊಂದುತ್ತದೆ. ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ. ಇಲ್ಲಿನ ಅಪಾಯ ಒಂದು: ಕಂಪ್ಯೂಟರ್ ಮಾದರಿಯಲ್ಲಿ ಗೋಡೆಯನ್ನು ಒಂದೇ ಹದದ ಗಟ್ಟಿ ವಸ್ತುವೆಂದು ಹಾಕಿಬಿಡುವುದು. ಸುಣ್ಣದ ಗಾರೆಯ ಗೋಡೆ ಬಿರುಕು ಬಿಟ್ಟೂ ನಿಲ್ಲುತ್ತದೆ, ಎಳೆತವನ್ನು ಬಹುಮಟ್ಟಿಗೆ ತಾಳುವುದಿಲ್ಲ. ನಿಮ್ಮ ಲೆಕ್ಕ ಅದನ್ನು ಒಪ್ಪಿಕೊಂಡೇ ಆರಂಭವಾಗಬೇಕು.

ಅಳತೆಗೆ ಹೋಗುವ ಮುನ್ನ ಇದೊಂದನ್ನು ಗಮನದಲ್ಲಿಡಿ. ಒಳಗೆ ಥಳಥಳಿಸುವ ಅಮೃತಶಿಲೆಯ ಹೊದಿಕೆ ಮತ್ತು ಮೊಸಾಯಿಕ್‌ಗಳು ಬಹುತೇಕ 19ನೇ ಶತಮಾನದ ಕೊನೆಯಲ್ಲಿ ಮತ್ತು 20ನೇ ಶತಮಾನದ ಆರಂಭದಲ್ಲಿ ಸೇರಿದವು. ಗುಮ್ಮಟದ ಮೊಸಾಯಿಕ್ 1880–81ರದ್ದು. ಗಾಜಿನ ಗೋಡೆಗಳ ಪೂರ್ವ ಭಾಗ 1414ರಲ್ಲಿ ಮುಗಿದ ಗಾಥಿಕ್ ಕೆಲಸ. ಶಾರ್ಲಮೇನ್‌ನ ಕಾಲದ ಕೈಕೆಲಸವನ್ನು ಹೊದಿಕೆಯಿಲ್ಲದೆ ನೋಡಬೇಕಾದರೆ ಕಂಚಿನ ಬಾಗಿಲುಗಳನ್ನೂ ಮೇಲಂತಸ್ತಿನ ಕಂಚಿನ ಕಟಕಟೆಗಳನ್ನೂ ನೋಡಿ. ಹೆಬ್ಬಾಗಿಲಿನ ಒಂದೊಂದು ಕದವೂ ಒಂದೇ ಎರಕದ್ದು. ಮೇಲಂತಸ್ತಿಗೆ ಮಾರ್ಗದರ್ಶಿಯೊಂದಿಗಲ್ಲದೆ ಬಿಡುವುದಿಲ್ಲ, ಆದ್ದರಿಂದ ವಿಶ್ವವಿದ್ಯಾಲಯದ ಪತ್ರದೊಂದಿಗೆ ಕೆಥೆಡ್ರಲ್‌ನ ನಿರ್ವಹಣಾ ಕಚೇರಿಗೆ ಮೊದಲೇ ಬರೆಯಿರಿ. ಹೊದಿಕೆಯ ಹಿಂದಿನ ಗೋಡೆಯ ನಿಜವಾದ ದಪ್ಪ ತೋರಿಸುವ ನಕ್ಷೆಗಳನ್ನು ನೋಡಲು ಅವಕಾಶವಿದೆಯೇ ಎಂದೂ ಅದೇ ಪತ್ರದಲ್ಲಿ ವಿಚಾರಿಸಿ. ಆ ಅಳತೆ ಕೈಗೆ ಬರುವವರೆಗೆ ಒತ್ತಡದ ಲೆಕ್ಕಕ್ಕೆ ಕೈ ಹಾಕಬೇಡಿ.